ಅಕ್ಕನ ಬೆಂಚಿನ ಬೀಪ್

ನನ್ನ ಅಕ್ಕ ವಿಳಾಸ ಬರೆಯುವವಳು. ಕಾಗದದ ಮೇಲಲ್ಲ, ಬೋರ್ಡಿನೊಳಕ್ಕೆ. ಅಂಗೈಯಷ್ಟಗಲದ ಹಸಿರು ಬೋರ್ಡು, ನೆಟ್‌ವರ್ಕ್ ಕೇಬಲ್ಲು ಸಿಕ್ಕಿಸಲು ಅದಕ್ಕೊಂದು ಬಾಯಿ. ಒಂದೊಂದಕ್ಕೂ ಬೇರೆ ಬೇರೆ ನಂಬರು ತುಂಬಬೇಕು, ಅದೇ ಅದರ ವಿಳಾಸ. ಎರಡಕ್ಕೆ ಒಂದೇ ನಂಬರು ಬಿತ್ತೋ, ಒಂದು ಮಾತಾಡಿದರೆ ಇನ್ನೊಂದು ಸತ್ತ ಹಾಗೆ. ಅದೇ ಕಾರ್ಖಾನೆಯ ಮಾಲು ಸಾಗಿಸುವ ಡ್ರೈವರಾದ ನನಗೂ ಇಷ್ಟು ಗೊತ್ತು.

ಅವಳ ಕೈಚಳಕ ನೋಡಬೇಕು. ಎಡಗೈಯಲ್ಲಿ ಬೋರ್ಡಿಗೆ ಕೇಬಲ್ಲು, ಬಲಗೈಯಲ್ಲಿ ಸ್ಟಿಕ್ಕರಿನ ಮೇಲೆ ಸ್ಕ್ಯಾನರು. ನಂಬರು ಓದಿಕೊಂಡರೆ ಒಂದು ಬೀಪ್, ಓದದಿದ್ದರೆ ಎರಡು. ಓದದೇ ಹೋದರೆ ಪರದೆಯಲ್ಲಿ ಹಿಂದಿನ ನಂಬರೇ ಕೂತಿರುತ್ತೆ, ಹೊಸ ಬೋರ್ಡಿಗೂ ಅದೇ ಇಳಿಯುತ್ತೆ. ಆದರೆ ಪರದೆ ನೋಡುವ ಪುರುಸೊತ್ತು ಯಾರಿಗಿದೆ? ಆ ಸಾಲಿನವರೆಲ್ಲ ಕಿವಿಯಿಂದಲೇ ಕೆಲಸ ಮಾಡುವವರು. ಭಾವ ಹೋದ ಮೇಲೆ ಅಕ್ಕ ತಲೆಯೆತ್ತಿ ಬದುಕಿದ್ದೇ ಆ ಬೆಂಚಿನಿಂದ.

ಮೊನ್ನೆ ಗಿರಾಕಿ ಬೋರ್ಡುಗಳನ್ನು ರಾಶಿಗಟ್ಟಲೆ ವಾಪಸ್ ಕಳಿಸಿದ. ಜೋಡಿ ಜೋಡಿಗೆ ಒಂದೇ ನಂಬರು. ಎಲ್ಲವೂ ಅಕ್ಕನ ಬೆಂಚಿನವು. ಕೇಳಿದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. ಗಾಡಿ ಅಲ್ಲೇ ಬಿಟ್ಟು ಒಳಗೆ ನುಗ್ಗಿ, ಬಾಗಿಲಲ್ಲೇ ಸಿಕ್ಕ ಸೂಪರ್‌ವೈಸರನ್ನು ಹಿಡಿದುಕೊಂಡೆ.

"ಏನ್ರೀ, ನಿಮ್ಮ ಡಬ್ಬಾ ಯಂತ್ರ ಕೆಟ್ಟರೆ ನಮ್ಮಕ್ಕನ ತಲೆಗೆ ಕಟ್ತೀರಾ?"

ಸೂಪರ್‌ವೈಸರ್ ಒಳ್ಳೆ ಮನುಷ್ಯ. ಮೆಲ್ಲಗೆ ಹೇಳಿದ: "ಯಂತ್ರ ಸರಿಯಾಗಿದೆ ಅಣ್ಣಾ. ಹೇಗೋ ಮುಚ್ಚಿ ಹಾಕೋಣ ಅಂತಿದ್ದೆ, ಸುಮ್ನಿರಿ."

"ಮುಚ್ಚೋದೇನು? ಎಲ್ಲರ ಮುಂದೆ ತೋರಿಸ್ರೀ!"

ಅವನು ನಿಟ್ಟುಸಿರು ಬಿಟ್ಟು, ಸ್ಕ್ಯಾನರು ಎತ್ತಿಕೊಂಡು ಅಕ್ಕನ ಬೆನ್ನ ಹಿಂದೆ ನಿಂತು, ಬರೀ ಮೇಜಿಗೆ ಹಿಡಿದು ಒತ್ತಿದ. ಬೀಪ್ ಬೀಪ್. ಸಾಲಿನ ಹೆಂಗಸರೆಲ್ಲ ತಿರುಗಿದರು. ಅಕ್ಕ ತಿರುಗಲಿಲ್ಲ. ಮತ್ತೆ ಒತ್ತಿದ. ಅವಳು ತನ್ನ ಪಾಡಿಗೆ ಸ್ಟಿಕ್ಕರು ಸುಲಿಯುತ್ತಿದ್ದಳು.

ನಾನು ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆಲ್ಲ ಕೇಳಿಸುತ್ತೆ. ಅವಳ ಕಿವಿ ಹೋಗಿದೆ ಅಂತ ನನಗೆ ಎಲ್ಲಿಂದ ತಿಳಿಯಬೇಕು?

"ಪರದೆ ನೋಡ್ಕೊಂಡು ಮಾಡ್ತಾಳೆ ಬಿಡ್ರಿ," ಅಂದೆ.

ಸೂಪರ್‌ವೈಸರ್ ಬಾಗಿಲ ಕಡೆ ಕಣ್ಣು ಮಾಡಿದ. ನನ್ನ ಗಲಾಟೆಗೆ ಎದ್ದು ಬಂದ ಮ್ಯಾನೇಜರ್ ಎಲ್ಲವನ್ನೂ ನೋಡುತ್ತ ನಿಂತಿದ್ದ. "ನಾಳೆಯಿಂದ ಈಕೆ ಬರೋದು ಬೇಡ," ಎಂದು ತಣ್ಣಗೆ ಹೇಳಿ ಹೋದ.

ಆಗ ಅಕ್ಕ ತಿರುಗಿದಳು. "ಏನಂತೆ ತಮ್ಮಾ? ಯಾಕೆ ಎಲ್ಲ ನನ್ನನ್ನೇ ನೋಡ್ತಿದ್ದಾರೆ?"

ಬಗ್ಗಿ, ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಇನ್ನೊಮ್ಮೆ ಹೇಳಿದೆ. "ಆಂ?" ಅಂದಳು.

ಕೊನೆಗೆ ಕೂಗಿಯೇ ಹೇಳಬೇಕಾಯಿತು, ಇಡೀ ಹಾಲ್ ತಲೆ ತಗ್ಗಿಸಿ ಕೂತಿರುವಾಗ.