ಮಗಳಿಗೆ ಹೇಳಲು ಹೋದ ಮೋಹಿನಿ

ಕಾಪು ಮೀನು ಮಾರ್ಕೆಟಿನಲ್ಲಿ ಮೋಹಿನಿಗೆ ಎದುರಾಡುವವರು ಕಡಿಮೆ. "ಬಂಗುಡೆ ನಿನ್ನೆಯದಾ?" ಎಂದು ಯಾರಾದರೂ ಕೇಳಿದರೆ ಕಿವಿರು ಎತ್ತಿ ತೋರಿಸಿ, "ನಿಮ್ಮ ಮುಖಕ್ಕಿಂತ ತಾಜಾ ಉಂಟು, ನೋಡಿ" ಎನ್ನುವಷ್ಟು ಜೋರು. ಗಂಡ ಬೋಟಿನಲ್ಲಿ ಹೋದವನು ಕಡಲಪಾಲಾದಾಗ ಮಗಳು ದೀಕ್ಷಿತಾಳಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಮೀನು ಮಾರಿಯೇ ಅವಳನ್ನು ಓದಿಸಿದಳು. ಈಗ ದೀಕ್ಷಿತಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಅಲ್ಲೇ ಬಾಡಿಗೆ ಫ್ಲ್ಯಾಟು.

ಇಷ್ಟು ಜೋರಿನ ಮೋಹಿನಿ, ಐವತ್ತು ದಾಟಿದ ಮೇಲೆ, ಮಗಳಿಗೆ ಒಂದು ಮಾತು ಹೇಳಲಾರದೆ ವಾರಗಟ್ಟಲೆ ಒದ್ದಾಡಿದಳು.

ಅದು ದೂಮಪ್ಪನ ವಿಷಯ. ಕುಕ್ಕುಂದೂರಿನ ದೂಮಪ್ಪನಿಗೆ ಊರಿನಲ್ಲಿ ಒಂದಿಷ್ಟು ಗದ್ದೆ. ಜೊತೆಗೆ ಮಲ್ಪೆಯಿಂದ ಕಾಪು, ಶಿರ್ವ, ಕಾರ್ಕಳದ ಮಾರ್ಕೆಟುಗಳಿಗೆ ಮೀನು ಸಾಗಿಸುವ ಟೆಂಪೋ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮೋಹಿನಿ ಜ್ವರ ಬಂದು ಮಲಗಿದಾಗ ಅವನು ಮನೆಯ ಜಗಲಿಯವರೆಗೆ ಬಂದು ಒಂದು ಬುತ್ತಿ ಇಟ್ಟು ಹೋದ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ತಾನೇ ಮಾಡಿದ್ದು. ತನಗಾಗಿ ಯಾರಾದರೂ ಒಲೆ ಉರಿಸಿದ್ದು ಯಾವಾಗ ಎಂದು ಮೋಹಿನಿ ನೆನಪು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಕಣ್ಣು ತುಂಬಿತು. ಚಟ್ನಿ ಖಾರ ಎಂದುಕೊಂಡಳು.

ಮುಂದೆ ಒಂದು ಬೆಳಿಗ್ಗೆ ಮೀನಿನ ಪೆಟ್ಟಿಗೆ ಇಳಿಸುತ್ತಾ ದೂಮಪ್ಪ ಗಂಟಲು ಸರಿಮಾಡಿಕೊಂಡ.

"ಮೋಹಿನಿಯಕ್ಕ, ಒಂದು ಮಾತು ಕೇಳ್ತೇನೆ. ಸಿಟ್ಟು ಬಂದರೆ ನಾಳೆಯಿಂದ ನನ್ನ ಮೀನು ತೆಗೊಳ್ಳಬೇಡಿ."

"ಎಂತ, ರೇಟು ಏರಿಸ್ತೀರಾ?"

"ಅಲ್ಲ. ನಾವಿಬ್ಬರು ಮದುವೆ ಆದರೆ ಹೇಗೆ?"

ಮೋಹಿನಿಯ ಕೈಯಲ್ಲಿದ್ದ ಬೂತಾಯಿ ಮೀನು ಜಾರಿ ಬುಟ್ಟಿಗೆ ಬಿತ್ತು. "ಅಕ್ಕ ಅಂತ ಕರೆದು ಮದುವೆ ಕೇಳುವುದಾ ಮಾರಾಯ್ರೆ!" ಎಂದು ನಕ್ಕಳು. ನಗುತ್ತಿರುವಾಗಲೇ ತನಗೆ ಸಿಟ್ಟು ಬಂದಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. "ಮಗಳ ಹತ್ತಿರ ಮಾತಾಡಿ ಹೇಳ್ತೇನೆ" ಎಂದಳು.

ಫೋನಿನಲ್ಲಿ ಹೇಳುವ ಮಾತಲ್ಲ. ಒಂದು ಭಾನುವಾರ, ಮುಂಚೆ ತಿಳಿಸದೆಯೇ, ಮಣಿಪಾಲದ ಬಸ್ಸು ಹತ್ತಿದಳು. ಬಾಗಿಲು ತೆರೆದವನು ಒಬ್ಬ ಹುಡುಗ. ಕೈಯಲ್ಲಿ ದೋಸೆಯ ಸಟ್ಟುಗ.

"ದೀಕ್ಷಿತಾ ಸ್ನಾನಕ್ಕೆ ಹೋಗಿದ್ದಾಳೆ. ನೀವು...?"

"ನಾನು ಅವಳ ಅಮ್ಮ. ನೀನು ಯಾರು?"

ಹುಡುಗ ಬಿಳುಚಿಕೊಂಡ. ಆದರೂ ಬಗ್ಗಿ ಕಾಲು ಮುಟ್ಟಿ, "ಅಖಿಲ್ ಅಂತ, ಬನ್ನಂಜೆಯವನು. ಕೂತ್ಕೊಳ್ಳಿ, ದೋಸೆ ಕರಟಿಹೋಗ್ತದೆ" ಎಂದು ಒಳಗೆ ಓಡಿದ.

ದೀಕ್ಷಿತಾ ತಲೆಗೆ ಟವೆಲು ಸುತ್ತಿಕೊಂಡು ಬಂದವಳು ಅಮ್ಮನನ್ನು ಕಂಡು ಅಲ್ಲೇ ನಿಂತಳು. ಇನ್ನು ಮುಚ್ಚಿಡುವಂತಿರಲಿಲ್ಲ. ಇಬ್ಬರೂ ಒಟ್ಟಿಗೆ ಇರಲು ತೊಡಗಿ ವರ್ಷವಾಗಿತ್ತು.

"ಮದುವೆ ಆಗುವ ಯೋಚನೆ ಉಂಟಾ, ಇಲ್ವಾ?"

"ಉಂಟಮ್ಮ. ಅದಕ್ಕೆ ಮೊದಲು ಒಟ್ಟಿಗೆ ಬಾಳಲಿಕ್ಕೆ ಆಗ್ತದಾ ಅಂತ ನೋಡಬೇಕಲ್ಲ. ನನ್ನ ಫ್ರೆಂಡ್ ಹರ್ಷಿಣಿಯ ಮದುವೆ ನೀನೇ ನೋಡಿದ್ದಿ. ಎಷ್ಟು ದೊಡ್ಡ ಹಾಲ್, ಎಷ್ಟು ಜನ! ವರ್ಷ ತುಂಬುವುದರೊಳಗೆ ಕೋರ್ಟಿಗೆ ಹೋದಳು."

ಮಾರ್ಕೆಟಿನ ಸ್ವರ ತೆಗೆದು ಬಯ್ಯಬೇಕು ಎಂದು ಮೋಹಿನಿಯ ನಾಲಗೆ ತುರಿಸಿತು. ಆದರೆ ತಾನು ಬಂದ ಕಾರಣ ನೆನಪಾಗಿ ಸ್ವರವೇ ಏಳಲಿಲ್ಲ. ಅಖಿಲ್ ತಂದಿಟ್ಟ ದೋಸೆಯನ್ನು ಮುರಿಯುತ್ತಾ, ತಟ್ಟೆಯನ್ನೇ ನೋಡುತ್ತಾ, ದೂಮಪ್ಪನ ವಿಷಯವನ್ನೆಲ್ಲ ಹೇಳಿ ಮುಗಿಸಿದಳು.

"ಅಮ್ಮ! ಈ ಪ್ರಾಯದಲ್ಲಾ? ಜನ ಎಂತ ಹೇಳಿಯಾರು?"

ಅಡುಗೆಮನೆಯಲ್ಲಿ ಅಖಿಲ್ ಕೆಮ್ಮಿದ. ಅದು ಕೆಮ್ಮಾಗಿರಲಿಲ್ಲ, ನಗು.

"ಯಾವ ಜನ ಮಗಾ?" ಎಂದಳು ಮೋಹಿನಿ. "ಕೆಳಗೆ ವಾಚ್‌ಮ್ಯಾನ್ 'ಅಖಿಲ್ ಸಾರ್ ಮತ್ತು ಮೇಡಂ ಇರುವ ಮನೆಗಾ?' ಅಂತ ಕೇಳಿದ. ಬಿಲ್ಡಿಂಗ್ ತಪ್ಪಿತೇನೋ ಅಂದುಕೊಂಡೆ. ಆ ಜನವಾ?"

ದೀಕ್ಷಿತಾಳಿಗೆ ನಗು ಬಂತು, ಅದರ ಹಿಂದೆಯೇ ಅಳು. "ಜನ ಹಾಳಾಗಲಿ. ಅಪ್ಪನ ಮುಖವೇ ನನಗೆ ನೆನಪಿಲ್ಲ. ಇದ್ದದ್ದು ನೀನೊಬ್ಬಳು. ನೀನೂ ಕುಕ್ಕುಂದೂರಿಗೆ ಹೋದರೆ ನನಗೆ ಅಮ್ಮನ ಮನೆ ಅಂತ ಎಲ್ಲಿ?"

ಮೋಹಿನಿ ಎಂಜಲು ಕೈಯಲ್ಲೇ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಮಾರ್ಕೆಟು ಬಿಟ್ಟು ನಾನೆಲ್ಲಿ ಹೋಗ್ತೇನೆ ಮಾರಾಯ್ತಿ? ಅವರ ಗದ್ದೆ ಅಲ್ಲಿ, ನನ್ನ ವ್ಯಾಪಾರ ಕಾಪುವಿನಲ್ಲಿ. ಇಬ್ಬರೂ ಯಾವುದನ್ನೂ ಬಿಡುವುದಿಲ್ಲ. ನಾಲ್ಕು ದಿನ ಅವರು ಕಾಪುವಿಗೆ ಬಂದರೆ ನಾಲ್ಕು ದಿನ ನಾನು ಅಲ್ಲಿಗೆ."

ಹೊರಡುವಾಗ ಮೋಹಿನಿ ಮಗಳಿಗೆ ಒಂದೇ ಮಾತು ಹೇಳಿದಳು. "ನಿಮ್ಮ ಈ ಕ್ರಮ ನನಗೆ ಪೂರ್ತಿ ಒಪ್ಪಿಗೆ ಅಂತ ಹೇಳಲಾರೆ. ಆದರೆ ಇನ್ನು ನನ್ನ ಹತ್ತಿರ ಸುಳ್ಳು ಹೇಳಬೇಡ. ನಾನೂ ಹೇಳುವುದಿಲ್ಲ."

ಸುದ್ದಿ ಕೇಳಿ ಮೋಹಿನಿಯ ಅಣ್ಣ ಭುಜಂಗ ಹಾರಾಡಿದ. "ಮಗಳು ಮದುವೆಗೆ ನಿಂತಿರುವಾಗ ಅಮ್ಮನಿಗೆ ಮದುವೆಯಾ?" ಅಮ್ಮನ ಪರವಾಗಿ ಮಾತಿಗೆ ನಿಂತವಳು ದೀಕ್ಷಿತಾ. "ಮಾವ, ಮೊದಲು ಅಮ್ಮನದು ಆಗಲಿ. ನನ್ನ ವಿಷಯ ಆಮೇಲೆ ಹೇಳ್ತೇನೆ. ಎರಡನ್ನೂ ಒಟ್ಟಿಗೆ ಕೇಳಿದರೆ ನಿಮ್ಮ ಬಿಪಿ ತಡೆಯಲಿಕ್ಕಿಲ್ಲ." ಭುಜಂಗ ಮುಖ ಊದಿಸಿಕೊಂಡು ಎದ್ದು ಹೋದ. ಆದರೆ ರಿಜಿಸ್ಟರ್ ಮದುವೆಯ ದಿನ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆ. ಸಾಕ್ಷಿಗೆ ಸಹಿ ಹಾಕಿದವಳು ಮಗಳು. ಮಾರ್ಕೆಟಿನ ಹೆಂಗಸರು ಸೇರಿ ಮೋಹಿನಿಗೆ ಹಸಿರು ಸೀರೆ ಉಡಿಸಿದರು. ಅವಳು ಬೇಡ ಬೇಡ ಎನ್ನುತ್ತಲೇ ಕನ್ನಡಿಯನ್ನು ಎರಡೆರಡು ಸಲ ನೋಡಿಕೊಂಡಳು.

ಮದುವೆಯಾದ ಹೊಸದರಲ್ಲಿ ಗಿರಾಕಿಗಳು "ಮೋಹಿನಿಯಕ್ಕ, ಇವತ್ತು ಯಾವ ಮನೆ?" ಎಂದು ತಮಾಷೆ ಮಾಡುತ್ತಿದ್ದರು. ಅವಳು "ನಿಮಗೆ ಮೀನು ಬೇಕಾ, ಅಡ್ರೆಸ್ಸು ಬೇಕಾ?" ಎನ್ನುತ್ತಿದ್ದಳು. ಈಗ ಯಾರೂ ಕೇಳುವುದಿಲ್ಲ.

ಮೊನ್ನೆ ಕುಕ್ಕುಂದೂರಿನಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ದೀಕ್ಷಿತಾ ಧೈರ್ಯ ಮಾಡಿ ಅಖಿಲನ ವಿಷಯವನ್ನು ಮಾವನ ಮುಂದೆ ಇಟ್ಟಳು. ವರ್ಷದ ಕೊನೆಗೆ ಮದುವೆಯಾಗುತ್ತೇವೆ, ಸರಳವಾಗಿ, ಎಂದಳು. ಈಗಲೇ ಒಟ್ಟಿಗೆ ಇದ್ದೇವೆ ಎಂಬುದನ್ನೂ ಹೇಳಿದಳು. ಭುಜಂಗ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟ. ಒಮ್ಮೆ ತಂಗಿಯ ಮುಖ ನೋಡಿದ, ಒಮ್ಮೆ ದೂಮಪ್ಪನ ಮುಖ.

"ಹುಡುಗನಿಗೆ ಮೀನು ಆಗ್ತದಾ?" ಎಂದು ಕೇಳಿದ ಭುಜಂಗ.

"ಆಗ್ತದೆ ಮಾವ."

"ಹಾಗಾದರೆ ಉಳಿದದ್ದು ಮಾತಾಡುವ. ಮೊದಲು ಊಟ ಬಡಿಸಿ."