ಕಾಕು ಸಂಚಿ ಬಿಚ್ಚಿದ ಮಧ್ಯಾಹ್ನ

ಹೋದ ವಾರ ಪೇಟೆಯಲ್ಲಿ ಕೊತ್ತಂಬರಿ ಕೊಟ್ಟ ಮುದುಕಿಯ ಕೈಯಿಂದ ಮಿಶ್ರಿಯ ವಾಸನೆ ಬಂತು. ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕು. ಈಗ ಯಾರು ತಿಕ್ಕುತ್ತಾರೆ ಅದನ್ನು... ನಮ್ಮ ಹುಬ್ಬಳ್ಳಿ ಓಣಿಯ ಕಾಕು ತಿಕ್ಕುತ್ತಿದ್ದಳು.

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವಳು ಪಕ್ಕದ ಮನೆಯವಳು, ಸಂಬಂಧಿಯಲ್ಲ. ಲಗ್ನ ಕೂಡಿಸುವುದು ಅವಳ ಕೆಲಸವೆಂದರೆ ಕೆಲಸ, ಚಟವೆಂದರೆ ಚಟ. ಬೀಗರಿಗೆ ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು ಎಂದು ಅವಳನ್ನು ಕೇಳಿಯೇ ಓಣಿ ನಡೆಯುತ್ತಿತ್ತು. ಅಂಥವಳನ್ನು ನಾನು ಧಾರವಾಡದಲ್ಲಿ ಮನೋವೈದ್ಯರ ಪಾಳಿಯಲ್ಲಿ ಕಂಡೆ. ಗೋಡೆಯ ಕಡೆ ತಿರುಗಿದೆ. ಅವಳೇ ಎದ್ದು ಬಂದು ಪಕ್ಕದಲ್ಲಿ ಕುಳಿತಳು.

"ನೀನೂ ನಮ್ಮ ಸಾಲಿಯಾಂವನ ಏನಪಾ? ಛಲೋ ಆತು, ಬಸ್ಸಿನ್ಯಾಗ ಮಾತಾಡಾಕ ಒಬ್ಬ ಸಿಕ್ಕ."

ಇಬ್ಬರಿಗೂ ಒಂದೇ ಗುಳಿಗೆ. ಆಮೇಲೆ ಕೂಡಿಯೇ ಹೋಗುತ್ತಿದ್ದೆವು. ಓಣಿಗೆ ಮಾತ್ರ ಬೇರೆ ಬೇರೆಯಾಗಿ ಮರಳುತ್ತಿದ್ದೆವು.

ನಮ್ಮ ಮನೆಯಲ್ಲಿ ಅವ್ವ ಆ ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಪಿತ್ತದ ಔಷಧಿಯ ಹಳೆಯ ಬಾಟಲಿಯಲ್ಲಿ ಹಾಕಿಡುತ್ತಿದ್ದಳು. ಬಂದವರ ಕಣ್ಣಿಗೆ ಬೀಳಬಾರದು, ಅಷ್ಟೆ.

ಒಂದು ಮಧ್ಯಾಹ್ನ, ಬದುಕುವುದು ಬೇಡವೆಂದು, ಬೇಕಾದ್ದಕ್ಕಿಂತ ಹೆಚ್ಚು ನುಂಗಿದೆ. ಆಗ ಕಾರಣಗಳಿದ್ದವು, ಈಗ ಬರೆಯಹೋದರೆ ಅವು ನನ್ನವೇ ಅನಿಸುವುದಿಲ್ಲ... ಮುಂದಿನದನ್ನು ನಾನು ಕಂಡಿಲ್ಲ, ಎಚ್ಚರವಿರಲಿಲ್ಲ. ಅವ್ವ, ಅಣ್ಣ ಹೇಳಿದ್ದನ್ನು ಜೋಡಿಸುತ್ತಿದ್ದೇನೆ. ಜೋಡಣೆ ಪೂರಾ ಕೂಡುವುದಿಲ್ಲ.

ತುರ್ತು ವಾರ್ಡಿನಲ್ಲಿ ಡಾಕ್ಟರು ಕೇಳಿದರು: "ಯಾವ ಗುಳಿಗಿ ನುಂಗ್ಯಾರ್ರಿ? ಲಗೂ ಹೇಳ್ರಿ."

ಸುತ್ತ ಓಣಿಯವರು ನಿಂತಿದ್ದರು. ಅವ್ವನ ಬಾಯಿಂದ ರೂಢಿಯ ಮಾತೇ ಬಂತು. "ಪಿತ್ತದ್ದುರಿ."

"ಪಿತ್ತದ್ದಲ್ಲ, ಸುಡುಗಾಡಲ್ಲ!" ಎಂದಳಂತೆ ಕಾಕು. ಸೊಂಟದ ಸಂಚಿ ಬಿಚ್ಚಿ, ಮಿಶ್ರಿ ಡಬ್ಬಿಯ ಕೆಳಗಿದ್ದ ತನ್ನ ಸ್ಟ್ರಿಪ್ ತೆಗೆದು ಡಾಕ್ಟರ ಕೈಗಿಟ್ಟಳು. "ಇದ ನೋಡ್ರಿ. ಮನಸ್ಸಿನ ಗುಳಿಗಿ. ನಾನೂ ಇದನ್ನ ತಗೋತೇನಿ. ಎಲ್ಲಾರೂ ಈಗ ಕೇಳ್ಕೊಳ್ರಿ, ಆಮ್ಯಾಲೆ ಮನಿಮನಿಗೆ ಬಂದು ಹೇಳೂದಿಲ್ಲ."

ಕೂಗಿ ಹೇಳಿದಳು ಎನ್ನುತ್ತಾನೆ ಅಣ್ಣ. ಇಲ್ಲ, ಮೆಲ್ಲಗೆ ಹೇಳಿದಳು ಎನ್ನುತ್ತಾಳೆ ಅವ್ವ. ನನಗೆ ಕೂಗಿದ ಕಾಕುವೇ ಇಷ್ಟ. ಅದಕ್ಕೇ ಅಣ್ಣನ ಮಾತಿನ ಮೇಲೆ ಅನುಮಾನ. ಸ್ಟ್ರಿಪ್ ಕೊಟ್ಟದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಏನು ಮಾಡಬೇಕೆಂದು ಡಾಕ್ಟರಿಗೆ ಆಗ ತಿಳಿಯಿತು. ನಾನು ಉಳಿದೆ.

ಕಾಕುವಿನ ಲಗ್ನದ ಕೆಲಸ ಉಳಿಯಲಿಲ್ಲ. ತಲೆ ಕೆಟ್ಟವಳು ತಂದ ಸಂಬಂಧ ನಮಗೆ ಬೇಡ ಎಂದರು ಜನ. ನಾನು ಮುಖ ಸಣ್ಣದು ಮಾಡಿಕೊಂಡು ಅವಳ ಬಾಗಿಲಿಗೆ ಹೋದಾಗ ಬೈದಳು.

"ಏ, ನಾ ಕೂಡಿಸಿದ ಲಗ್ನದಾಗ ಅರ್ಧ ಮಂದಿ ದಿನಾ ಜಗಳಾಡಾಕತ್ತಾರ. ನೀನೊಬ್ಬಾಂವ ನೆಟ್ಟಗ ಆಗೀದಿ. ನಡಿ, ಬಸ್ಸು ತಪ್ಪತೈತಿ."

ಅಂದಿನಿಂದ ಓಣಿಗೂ ಕೂಡಿಯೇ ಮರಳಿದೆವು. ಅವಳ ಪಕ್ಕದಲ್ಲಿ ನಡೆಯುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಇದೊಂದು ನೆನಪು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ.

ಕಾಕು ವಯಸ್ಸಾಗಿ ತೀರಿಕೊಂಡಳು. ಮೊನ್ನೆ ಕಟ್ಟೆಯ ಮೇಲೆ, ನಾಲ್ಕು ಜನರ ನಡುವೆ, ಎದುರು ಮನೆಯಾಕೆ ನನ್ನನ್ನು ಕೇಳಿದಳು: "ನಮ್ಮ ಮಗಳಿಗೆ ಭಾಳ ತ್ರಾಸ ಆಗೇತ್ರಿ. ಕಾಕೂನ ಡಾಕ್ಟರು ಯಾವತ್ತ ಸಿಗ್ತಾರ?" ದನಿ ತಗ್ಗಿಸಲಿಲ್ಲ. ದಿನ ಹೇಳಿದೆ. ಕೂಡಲೇ ಎದ್ದು ಪಕ್ಕದ ಮನೆಗೆ ಹೋಗಿ ಕಾಕುವಿಗೆ ಇದನ್ನು ಹೇಳಬೇಕೆನಿಸಿತು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ.