ಫಾರಮ್ಮಿನಲ್ಲಿ ಬರೆದ ವಯಸ್ಸು

ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಫಾರಂ ಅಕ್ಕ ಎಂದು. ಹನ್ನೊಂದು ವರ್ಷದಿಂದ ಕೌಂಟರಿನ ಗಾಜಿನ ಹಿಂದೆ ಕೂತು ಬಸುರಿಯರ ಫಾರಂ ತುಂಬುವುದೇ ಅವಳ ಕೆಲಸ. ಹೆಸರು, ತೂಕ, ಕೊನೆಯ ಮುಟ್ಟಿನ ತಾರೀಖು, ವಯಸ್ಸು. ವಯಸ್ಸಿನ ಕಾಲಮ್ಮಿಗೆ ಬಂದಳೆಂದರೆ ಪೊಲೀಸಿನವಳೇ. ಯಾರಾದರೂ ತುಸು ತಡವರಿಸಿದರೆ ಸಾಕು, ಗುರುತಿನ ಚೀಟಿ ತೆಗೆಯಿರಿ ಎಂದು ಕೈ ಚಾಚುತ್ತಿದ್ದಳು. ಮುಖ ಸಿಂಡರಿಸಿದವರಿಗೆ ಪಾಠವೂ ಆಗುತ್ತಿತ್ತು: ಮೂರನೇ ತಿಂಗಳಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುತ್ತಾರೆ, ತಾಯಿಯ ರಕ್ತ ನೋಡುತ್ತಾರೆ, ಅವುಗಳ ಜೊತೆ ತಾಯಿಯ ವಯಸ್ಸನ್ನೂ ಸೇರಿಸಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟು ಎಂಬುದಷ್ಟೇ ಅದರ ಉತ್ತರ. ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ವಯಸ್ಸು ತಪ್ಪಾದರೆ ಲೆಕ್ಕವೇ ತಪ್ಪು.

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಈ ಹೆಂಗಸು ಸ್ವಂತ ತಂಗಿ ಬಂದ ದಿನ ಆ ಬುದ್ಧಿಯನ್ನು ಗಂಟು ಕಟ್ಟಿ ಮೂಲೆಗಿಟ್ಟಳು.

ತಂಗಿಯ ಮದುವೆ ತಡವಾಗಿತ್ತು. ಮಾತುಕತೆಯಲ್ಲಿ ಅಕ್ಕನೇ ಮುಂದೆ ನಿಂತು ಅವಳ ವಯಸ್ಸಿನಲ್ಲಿ ಆರು ವರ್ಷ ನುಂಗಿಹಾಕಿದ್ದಳು. ಗಂಡನಿಗೆ ಮದುವೆಯಾದ ವಾರದಲ್ಲೇ ನಿಜ ಗೊತ್ತಾಗಿ, ಪುಣ್ಯಾತ್ಮ, ನಕ್ಕು ಸುಮ್ಮನಾಗಿದ್ದ. ಗೊತ್ತಾಗದೆ ಉಳಿದದ್ದು ಅತ್ತೆಗೆ ಮಾತ್ರ. ಆ ಅತ್ತೆ ಅವತ್ತು ಸೊಸೆಯ ಜೊತೆ ಬಂದು, ಕೌಂಟರಿಗೆ ಮೊಣಕೈ ಊರಿ, ಕಂಪ್ಯೂಟರಿನೊಳಗೇ ಮೂಗು ತೂರಿಸಿ ನಿಂತಿದ್ದಳು. ವಯಸ್ಸು ಎಷ್ಟು ಎಂದು ಅಕ್ಕ ಕೇಳಲೇ ಬೇಕಾಯಿತು. ತಂಗಿ ಅಕ್ಕನ ಮುಖ ನೋಡಿದಳು. ಮೂವತ್ತೆಂಟರ ಬದಲು ಮೂವತ್ತೆರಡು ಎಂದು ಅಕ್ಕ ತಾನೇ ಹೇಳಿ ತಾನೇ ಒತ್ತಿದಳು. ಇವರು ಅತ್ತ ಹೋಗಲಿ, ಆಮೇಲೆ ತಿದ್ದಿದರಾಯಿತು ಎಂದುಕೊಂಡಳು.

ಅವತ್ತು ಜನ ಮುಗಿಬಿದ್ದಿದ್ದರು. ತಿದ್ದುವುದು ಉಳಿಯಿತು. ಮರೆತಳು ಎಂದರೆ ಸುಳ್ಳಾಗುತ್ತದೆ, ಸಂಜೆ ಮನೆಗೆ ಹೋಗುವಾಗ ನೆನಪಾಗಿ, ನಾಳೆ ನೋಡೋಣ ಎಂದಿದ್ದಳು. ನಾಲ್ಕನೇ ದಿನ ರಿಪೋರ್ಟು ಬಂತು: ಎಂಟು ನೂರರಲ್ಲಿ ಒಂದು. ಕಡಿಮೆ ಸಂಭವ. ಅದು ಯಾವ ವಯಸ್ಸಿನ ಮೇಲೆ ಬಂದ ಲೆಕ್ಕ ಎಂದು ಗೊತ್ತಿದ್ದವಳೇ ಅದನ್ನು ನಂಬಿ ನೆಮ್ಮದಿಯ ಉಸಿರು ಬಿಟ್ಟಳು. ನಿಜವಾದ ವಯಸ್ಸಿಗೆ ಅದು ಇನ್ನೂರರಲ್ಲಿ ಒಂದಕ್ಕೆ ಬರುತ್ತಿತ್ತು, ಹೆಚ್ಚು ಸಂಭವವೆಂದು ಮುಂದಿನ ಪರೀಕ್ಷೆಗೆ ಕರೆಯುತ್ತಿದ್ದರು ಎಂಬ ಲೆಕ್ಕವನ್ನು ಅವಳು ಹಾಕಿದ್ದು ಮಗು ಹುಟ್ಟಿದ ಮೇಲೆ.

ಹೆಣ್ಣು ಮಗು. ಡೌನ್ ಸಿಂಡ್ರೋಮ್, ಜೊತೆಗೆ ಹೃದಯದಲ್ಲಿ ರಂಧ್ರ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಯಾರಿಗೂ ತಯಾರಿಯಿರಲಿಲ್ಲ. ನೀಲಿಗಟ್ಟಿದ ಕೂಸನ್ನು ದೊಡ್ಡ ಆಸ್ಪತ್ರೆಗೆ ಒಯ್ದರು, ಹೊಲಿಗೆ ಹಾಕಿಸಿಕೊಂಡ ತಾಯಿ ಒಂಬತ್ತು ದಿನ ಅದರ ಮುಖ ಕಾಣಲಿಲ್ಲ. ಐದನೇ ತಿಂಗಳಲ್ಲಿ ಆಪರೇಷನ್ ಆಗಿ ಮಗು ಉಳಿಯಿತು. ಈಗ ನಾಲ್ಕು ವರ್ಷ. ಬಂದವರ ಚಪ್ಪಲಿಗಳನ್ನು ಬೇಕೆಂದೇ ಅದಲುಬದಲು ಮಾಡಿಟ್ಟು, ಅವರು ಹುಡುಕಾಡುವುದನ್ನು ನೋಡಿ ಹೊಟ್ಟೆ ಹಿಡಿದು ನಗುವ ತರಲೆ.

ತಂಗಿ ಮಾತ್ರ ಒಳಗೊಳಗೇ ಸವೆಯುತ್ತಿದ್ದಳು. ಇದು ಗರ್ಭ ಕಟ್ಟುವಾಗಲೇ ಒಂದು ಕ್ರೋಮೋಸೋಮ್ ಹೆಚ್ಚಾಗಿ ಆಗುವಂಥದು, ತಾಯಿ ಮಾಡಿದ್ದರಿಂದ ಬಿಟ್ಟಿದ್ದರಿಂದ ಅಲ್ಲ ಎಂದು ಡಾಕ್ಟರು ಎಷ್ಟು ಸಲ ಬಿಡಿಸಿ ಹೇಳಿದ್ದರೋ. ಅವಳು ತಲೆಯಾಡಿಸುತ್ತಿದ್ದಳು, ನಂಬುತ್ತಿರಲಿಲ್ಲ. ಅವಳ ತರ್ಕ ಸರಳವಾಗಿತ್ತು: ಮೂರನೇ ತಿಂಗಳ ರಿಪೋರ್ಟು ಚೆನ್ನಾಗಿತ್ತಲ್ಲ, ಹಾಗಾದರೆ ಕೆಟ್ಟಿದ್ದು ಆಮೇಲೆಯೇ. ಜ್ವರಕ್ಕೆ ನುಂಗಿದ ಮಾತ್ರೆಯೋ, ಕೆಲಸಕ್ಕೆ ಹೋಗುತ್ತಿದ್ದ ಅಂಗಡಿಯಲ್ಲಿ ದಿನವಿಡೀ ನಿಂತದ್ದೋ. ರಿಪೋರ್ಟಿನ ಲೆಕ್ಕಕ್ಕೆ ವಯಸ್ಸೂ ಸೇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆ ತರ್ಕದ ಬುಡ ಎಲ್ಲಿ ಟೊಳ್ಳು ಎಂದು ತಿಳಿದಿದ್ದವಳು ಅಕ್ಕ ಒಬ್ಬಳೇ, ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹೇಳಿದರೆ ತಂಗಿ ದೂರವಾದಾಳು ಎಂಬ ಭಯ. ಪ್ರತಿ ಭಾನುವಾರ ಹೋಗುವಾಗ ಹೇಳಬೇಕೆಂದೇ ಹೋಗಿ, ಮಗುವನ್ನು ಆಡಿಸಿ ಬರುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ತಂಗಿ ಮಗುವಿನ ಅಂಗಿಯ ಗುಂಡಿ ಹಾಕುತ್ತಾ, ಎದೆಯ ಮೇಲಿನ ಆಪರೇಷನ್ ಗೆರೆ ಸವರಿ, ಇದೆಲ್ಲ ನಾನು ಮಾಡಿದ್ದು ಎಂದಳು. ಅಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಮೂವತ್ತೆರಡು ಎಂದು ಒತ್ತಿದ್ದು, ತಿದ್ದದೆ ಬಿಟ್ಟದ್ದು, ಆ ಎಂಟು ನೂರು ಸುಳ್ಳು ಲೆಕ್ಕವೆಂಬುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೊದಲೇ ಗೊತ್ತಾಗಿದ್ದರೆ ಏನು ಮಾಡುವುದೆಂದು ನೀನೇ ಯೋಚಿಸಬಹುದಿತ್ತು, ಕೊನೆಗೆ ಹೆರಿಗೆಯನ್ನಾದರೂ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಬಹುದಿತ್ತು, ಅದನ್ನು ನಾನು ಕಿತ್ತುಕೊಂಡೆ ಎಂದು ಅತ್ತಳು.

ತಂಗಿ ಕೊನೆಯ ಗುಂಡಿ ಹಾಕಿ ಮಗುವನ್ನು ಆಡಲು ಕಳಿಸಿದಳು.

"ವಯಸ್ಸಿನ ಸುಳ್ಳಲ್ಲಿ ನಾನೂ ಇದ್ದೆ ಅಕ್ಕ. ಅವತ್ತು ನಾನೂ ಬಾಯಿ ಬಿಡ್ಲಿಲ್ಲ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ," ಎಂದಳು. "ಆದ್ರೆ ನಾಲ್ಕು ವರ್ಷ, ಇವಳನ್ನ ಮಲಗಿಸುವಾಗೆಲ್ಲ, ತಪ್ಪಾಯ್ತು ಕಂದಾ ಅಂತ ಕೇಳ್ಕೊಂಡಿದೀನಿ. ಎಷ್ಟೋ ಸಲ ನೀನು ಪಕ್ಕದಲ್ಲೇ ಕೂತಿದ್ದೆ."

ಮುಂದಿನ ಭಾನುವಾರ ಬರಲಾ ಎಂದು ಕೇಳುವ ಧೈರ್ಯ ಅಕ್ಕನಿಗೆ ಆಗಲಿಲ್ಲ.